ಹಳೆಯ ಅಂಚೆ ಚೀಟಿಗಳನ್ನು ಆನ್‌ಲೈನ್‌ನಲ್ಲಿ ಮಾರುವಾಗ ಕಂದು ಚುಕ್ಕೆ, ಹಿಂಜ್ ಗುರುತುಗಳನ್ನು ಎಷ್ಟರಮಟ್ಟಿಗೆ ತೋರಿಸಬೇಕು?

ತುಂಗಾತೀರ ಕೇಳಿದ್ದಾರೆ:

ಸಂಗ್ರಾಹಕ ಮಿತ್ರರಿಗೆಲ್ಲ ನಮಸ್ಕಾರ. ನಮ್ಮ ದೊಡ್ಡಪ್ಪನವರು ಕೂಡಿಸಿಟ್ಟಿದ್ದ ಅಂಚೆ ಚೀಟಿಗಳ ಸ್ಟಾಕ್ ಬುಕ್‌ಗಳು ಈಗ ನನ್ನ ಪಾಲಿಗೆ ಬಂದಿವೆ. ಮನೆಯಲ್ಲಿ ಈ ಹವ್ಯಾಸವನ್ನು ಮುಂದುವರಿಸುವವರು ಯಾರೂ ಇಲ್ಲದ ಕಾರಣ, ಬೆಲೆಯುಳ್ಳ ಕೆಲವನ್ನು ಆನ್‌ಲೈನ್‌ನಲ್ಲಿ ಮಾರಿ ಉಳಿದವನ್ನು ಊರಿನ ಶಾಲೆಯ ಮಕ್ಕಳಿಗೆ ಕೊಡೋಣ ಎಂದು ದೊಡ್ಡಮ್ಮನವರು ಹೇಳಿದ್ದಾರೆ. ಮನೆ ತೀರ್ಥಹಳ್ಳಿಯ ಕಡೆಯದು. ಅಲ್ಲಿನ ಮಳೆಗಾಲದ ತೇವ ಎಂಥದ್ದೆಂದು ಬಲ್ಲವರಿಗೆ ಪುಸ್ತಕಗಳ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಮಾರಬೇಕೆಂದಿರುವುದರಲ್ಲಿ ಮುಖ್ಯವಾದದ್ದು 1948ರ ಗಾಂಧಿ ಸರಣಿ. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ, ನಾಲ್ಕೂ ಇವೆ, ನಾಲ್ಕಕ್ಕೂ ಅಂಚೆ ಮೊಹರು ಬಿದ್ದಿಲ್ಲ. ಹತ್ತು ರೂಪಾಯಿಯ ಚೀಟಿಯನ್ನು ಮುಂದಿನಿಂದ ನೋಡಿದರೆ ಸೊಗಸಾಗಿದೆ. ಹಿಂದೆ ತಿರುಗಿಸಿದರೆ ಗೋಂದಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳಿವೆ, ಹಿಂಜ್ (ಚೀಟಿಯನ್ನು ಆಲ್ಬಮ್ಮಿಗೆ ಅಂಟಿಸುವ ಸಣ್ಣ ಕಾಗದದ ತುಂಡು) ಅಂಟಿಸಿ ತೆಗೆದ ಗುರುತೂ ಇದೆ. ಇದಲ್ಲದೆ 1854ರ ಅರ್ಧ ಆಣೆಯ ನೀಲಿ ಚೀಟಿ ಒಂದು, ಅದೇ ವರ್ಷದ ನಾಲ್ಕು ಆಣೆಯ ಚೀಟಿ ಒಂದು (ಇದನ್ನು ಯಾರೋ ಎಂಟು ಮೂಲೆಯಾಗಿ ಕತ್ತರಿಸಿದ್ದಾರೆ), ಐದನೆಯ ಜಾರ್ಜ್ ಕಾಲದ ಕೆಲವು ಹೆಚ್ಚಿನ ಬೆಲೆಯ ಚೀಟಿಗಳು ಹಾಗೂ ಮೈಸೂರು ಸಂಸ್ಥಾನದ ಒಂದಷ್ಟು ಚೀಟಿಗಳು ಇವೆ.

ಈಗಾಗಲೇ ಆನ್‌ಲೈನ್‌ನಲ್ಲಿ ಮಾರುತ್ತಿರುವ ಪರಿಚಿತರೊಬ್ಬರನ್ನು ಕೇಳಿದೆ. ಫೋಟೊದ ಬೆಳಕನ್ನು ಸ್ವಲ್ಪ ಹೆಚ್ಚಿಸಿ, ಮುಂಭಾಗವನ್ನು ಮಾತ್ರ ಹಾಕಿ, "ಉತ್ತಮ ಸ್ಥಿತಿ, ಚಿತ್ರ ನೋಡಿ ನಿರ್ಧರಿಸಿ" ಎಂದು ಬರೆದರೆ ಸಾಕು, ಬೇಡವಾದವರು ವಾಪಸು ಕಳುಹಿಸುತ್ತಾರೆ ಎಂದರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಆದರೆ ಇರುವ ದೋಷಗಳನ್ನೆಲ್ಲ ಪಟ್ಟಿ ಮಾಡಿ ಬರೆದರೆ ಕೊಳ್ಳುವವರಾದರೂ ಯಾರು ಎಂಬ ಪ್ರಶ್ನೆಯೂ ಇದೆ. ಯಾವ ಯಾವ ಚಿತ್ರಗಳನ್ನು ಹಾಕಬೇಕು, ವಿವರಣೆಯಲ್ಲಿ ಎಷ್ಟು ಬರೆಯಬೇಕು, ಮಾರುವ ಮುನ್ನ ಆ ಚುಕ್ಕೆಗಳನ್ನು ಸ್ವಚ್ಛಗೊಳಿಸಬಹುದೇ, ದಯವಿಟ್ಟು ತಿಳಿಸಿ.

---

ಹಳೆಮೊಹರು ಉತ್ತರಿಸಿದ್ದಾರೆ:

ತುಂಗಾತೀರ ಅವರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ಸರಿಪಡಿಸುವ ದಾರಿಯಿಲ್ಲ. ದಯವಿಟ್ಟು ಯಾವುದನ್ನೂ ಸ್ವಚ್ಛಗೊಳಿಸಬೇಡಿ. ಬ್ಲೀಚ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಚುಕ್ಕೆ ಮಾಸುವುದು ನಿಜ. ಆದರೆ ಹಿಂದಿನ ಗೋಂದು ಹೋಗುತ್ತದೆ, ಮುಂದಿನ ಬಣ್ಣವೂ ಬದಲಾಗಬಹುದು. ಆಮೇಲೆ ಅದು ಕಂದು ಚುಕ್ಕೆಯುಳ್ಳ ಮೂಲ ಚೀಟಿಯಾಗಿ ಉಳಿಯುವುದಿಲ್ಲ, ರಾಸಾಯನಿಕದಿಂದ ತೊಳೆದ, ಗೋಂದಿಲ್ಲದ ಚೀಟಿಯಾಗುತ್ತದೆ, ಅದನ್ನೂ ವಿವರಣೆಯಲ್ಲಿ ಬರೆಯಲೇಬೇಕಾಗುತ್ತದೆ. ಈಗ ನೀವು ಮಾಡಬೇಕಾದದ್ದು ಚುಕ್ಕೆಯಿರುವ ಚೀಟಿಗಳನ್ನು ಬೇರೆಯವುಗಳ ಜೊತೆ ಇಡದೆ ಒಣ ಜಾಗದಲ್ಲಿ ಪ್ರತ್ಯೇಕವಾಗಿ ಇಡುವುದು, ಬೆರಳಿನಿಂದ ಮುಟ್ಟದೆ ಚಿಮ್ಮಟದಿಂದ ಎತ್ತುವುದು, ಇಷ್ಟೇ.

ಇನ್ನು ಚಿತ್ರಗಳ ವಿಷಯ. ಅಂಗಡಿಯಲ್ಲಿ ಕೊಳ್ಳುವವನು ಚೀಟಿಯನ್ನು ತಿರುಗಿಸುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಓರೆಯಾಗಿಸಿ ನೋಡುತ್ತಾನೆ. ಆನ್‌ಲೈನ್‌ನಲ್ಲಿ ಈ ಮೂರನ್ನೂ ಅವನ ಪರವಾಗಿ ನೀವೇ ಮಾಡಿ ತೋರಿಸಬೇಕು. ಗಾಂಧಿ ಸರಣಿಗೆ ಹಿಂಭಾಗದ ಚಿತ್ರವಿಲ್ಲದಿದ್ದರೆ ಅನುಭವಿ ಸಂಗ್ರಾಹಕರು ಆ ಪುಟವನ್ನು ನೋಡಿ ಮುಂದೆ ಹೋಗುತ್ತಾರೆ. ಅದರ ಬೆಲೆಯಲ್ಲಿ ಬಹುಪಾಲು ನಿಂತಿರುವುದೇ ಗೋಂದಿನ ಮೇಲೆ. ಹಿಂಜ್ ತಾಗದ ಚೀಟಿಗೂ ಹಿಂಜ್ ಗುರುತಿರುವ ಚೀಟಿಗೂ ಬೆಲೆಯಲ್ಲಿ ದೊಡ್ಡ ಅಂತರವಿದೆ. ಹೀಗಾಗಿ ಹಿಂಭಾಗ ಕಾಣಿಸದಿದ್ದರೆ, ಅಲ್ಲಿ ಏನೋ ಇದೆ ಎಂದೇ ಕೊಳ್ಳುವವರು ಎಣಿಸುತ್ತಾರೆ. ನಿಮ್ಮ ಪರಿಚಿತರ ಸಲಹೆಯಂತೆ ಮುಂಭಾಗವನ್ನು ಮಾತ್ರ ಹಾಕಿದರೆ ಬರುವವರು ಹೊಸಬರೇ ಹೊರತು ಒಳ್ಳೆಯ ಬೆಲೆ ಕೊಡುವವರಲ್ಲ.

ಸ್ಕ್ಯಾನರ್ ಇದ್ದರೆ ಗಾಜನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ, ಪ್ಲಾಸ್ಟಿಕ್ ಲಕೋಟೆಯಿಂದ ಚೀಟಿಯನ್ನು ಹೊರತೆಗೆದು, ಹಿಂದೆ ಕಪ್ಪು ಕಾಗದವಿಟ್ಟು 600 ಡಿಪಿಐನಲ್ಲಿ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ. ಕಪ್ಪು ಹಿನ್ನೆಲೆಯಿದ್ದರೆ ಅಂಚಿನ ಹಲ್ಲುಗಳಲ್ಲಿ ಯಾವುದು ಗಿಡ್ಡವಾಗಿದೆ, ಯಾವುದು ಕಿತ್ತುಹೋಗಿದೆ ಎಂಬುದು ತಾನಾಗಿಯೇ ಕಾಣುತ್ತದೆ, ಬಿಳಿ ಹಾಳೆಯ ಮೇಲೆ ಅದೇ ದೋಷ ಕರಗಿಹೋಗುತ್ತದೆ. ಸ್ಕ್ಯಾನರ್‌ನ ತಂತ್ರಾಂಶದಲ್ಲಿ ಬಣ್ಣ ತಿದ್ದುವ, ಧೂಳು ಅಳಿಸುವ, ಅಂಚು ಚೂಪುಗೊಳಿಸುವ ಆಯ್ಕೆಗಳು ಮೊದಲೇ ಚಾಲೂ ಇರಬಹುದು, ಅವನ್ನೆಲ್ಲ ನಿಲ್ಲಿಸಿ. ಧೂಳು ಅಳಿಸುವ ಆಯ್ಕೆಯಂತೂ ಸಣ್ಣ ಕಂದು ಚುಕ್ಕೆಯನ್ನು ಧೂಳೆಂದೇ ತಿಳಿದು ಒರೆಸಿಬಿಡುತ್ತದೆ, ಮಾರುವವನಿಗೆ ಮೋಸ ಮಾಡುವ ಮನಸ್ಸಿಲ್ಲದಿದ್ದರೂ ಚಿತ್ರ ಸುಳ್ಳು ಹೇಳುತ್ತದೆ.

ಸ್ಕ್ಯಾನರ್ ತೋರಿಸದ ದೋಷಗಳೂ ಇವೆ. ಕಾಗದದ ಸಣ್ಣ ಮಡಿಕೆ, ಗೋಂದಿನ ಮೇಲೆ ನೀರು ತಾಗಿದ ಮೆರುಗು, ಹಿಂಜ್ ಒತ್ತಿದ ತಗ್ಗು, ಇವೆಲ್ಲ ಸ್ಕ್ಯಾನರ್‌ನ ನೇರ ಬೆಳಕಿನಲ್ಲಿ ಮಾಯವಾಗುತ್ತವೆ. ಅದಕ್ಕಾಗಿ ಕಿಟಕಿಯ ಪಕ್ಕ, ಬಿಸಿಲು ನೇರವಾಗಿ ಬೀಳದ ಕಡೆ ಚೀಟಿಯನ್ನಿಟ್ಟು, ಬೆಳಕು ಒಂದೇ ಪಕ್ಕದಿಂದ ಓರೆಯಾಗಿ ಬೀಳುವಂತೆ ಮಾಡಿ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ. ಮತ್ತೊಂದು ಫೋಟೊ ಹಿಂದಿನಿಂದ ಬೆಳಕು ಬರುವಂತಿರಲಿ. ಹಿಂಜನ್ನು ಒರಟಾಗಿ ಕಿತ್ತಾಗ ಕಾಗದದ ಒಂದು ಪದರವೂ ಜೊತೆಗೇ ಹೋಗಿದ್ದರೆ, ಆ ಜಾಗ ಸುತ್ತಲಿಗಿಂತ ಹೆಚ್ಚು ಬೆಳಕು ಬಿಟ್ಟುಕೊಡುತ್ತದೆ. ನಾವು ಅದನ್ನು ಥಿನ್ ಎನ್ನುತ್ತೇವೆ. ಬೆಲೆ ಕುಗ್ಗಿಸುವುದರಲ್ಲಿ ಇದು ಕಂದು ಚುಕ್ಕೆಗೇನೂ ಕಡಿಮೆಯಲ್ಲ, ಮುಂಭಾಗದ ಚಿತ್ರದಲ್ಲಿ ಮಾತ್ರ ಎಂದೂ ಕಾಣಿಸದು.

ಬೆಳಕನ್ನು ಹೆಚ್ಚಿಸಬೇಡಿ. ಹತ್ತು ರೂಪಾಯಿಯ ಗಾಂಧಿ ಚೀಟಿಯಲ್ಲಿ ಕಂದುಗೆಂಪಿನ ಎರಡು ಛಾಯೆಗಳಿವೆ, ಫೋನು ಅವನ್ನು ಒಂದು ಸಲ ಕಿತ್ತಳೆಯಾಗಿಯೂ ಇನ್ನೊಂದು ಸಲ ನೇರಳೆಯಾಗಿಯೂ ತೋರಿಸುತ್ತದೆ. ಪಕ್ಕದಲ್ಲಿ ಮಿಲಿಮೀಟರ್ ಗುರುತಿನ ಸ್ಕೇಲನ್ನೂ ಎಲ್ಲರ ಬಳಿಯೂ ಇರುವಂಥ ಯಾವುದಾದರೂ ಸಾಮಾನ್ಯ ಚೀಟಿಯನ್ನೂ ಇಟ್ಟು ಒಂದೇ ಚೌಕಟ್ಟಿನಲ್ಲಿ ಫೋಟೊ ತೆಗೆದರೆ, ನೋಡುವವರು ತಮ್ಮ ಬಳಿಯಿರುವುದರ ಜೊತೆ ಹೋಲಿಸಿ ಬಣ್ಣವನ್ನು ಅಂದಾಜು ಮಾಡಿಕೊಳ್ಳುತ್ತಾರೆ.

---

ಲಾಟುಗಾರ ಉತ್ತರಿಸಿದ್ದಾರೆ:

ಹಳೆಮೊಹರು ಅವರು ಹೇಳಿದ್ದೆಲ್ಲವೂ ಬೆಲೆಯುಳ್ಳ ಚೀಟಿಗಳಿಗೆ ಸರಿ. ಆದರೆ ಇದನ್ನು ಓದಿದ ಹೊಸಬರು ಹತ್ತು ಹದಿನೈದು ರೂಪಾಯಿಯ ಚೀಟಿಗೂ ನಾಲ್ಕು ನಾಲ್ಕು ಫೋಟೊ ತೆಗೆಯಲು ಕುಳಿತರೆ, ಬೇಸತ್ತು ಮಾರಾಟವನ್ನೇ ಬಿಟ್ಟಾರು. ನಾನು ಹೆಚ್ಚಾಗಿ ಮಾರುವುದು ನೂರು ಇನ್ನೂರು ಬಳಸಿದ ಚೀಟಿಗಳ ಲಾಟುಗಳನ್ನು. ಅಲ್ಲಿ ಒಂದೊಂದರ ಹಿಂಭಾಗವನ್ನೂ ತೋರಿಸಲಾಗದು, ಕೊಳ್ಳುವವರೂ ನಿರೀಕ್ಷಿಸುವುದಿಲ್ಲ.

ಲಾಟಿಗೂ ಒಂದು ನಿಯಮವಿದೆ: ಚಿತ್ರದಲ್ಲಿ ತೋರಿಸಿದ್ದು ಕಳುಹಿಸುವ ಲಾಟೇ ಆಗಿರಬೇಕು. ಚೆನ್ನಾಗಿರುವ ಒಂದು ಪುಟದ ಫೋಟೊ ಹಾಕಿ, ಅದೇ ಫೋಟೊದಿಂದ ಹತ್ತು ಬೇರೆ ಬೇರೆ ಲಾಟುಗಳನ್ನು ಮಾರುವವರಿದ್ದಾರೆ. "ಚಿತ್ರವು ಮಾದರಿಗಾಗಿ ಮಾತ್ರ" ಎಂಬ ಸಾಲು ಎಲ್ಲೋ ಕೆಳಗೆ ಅಡಗಿರುತ್ತದೆ. ಮಾದರಿ ಚಿತ್ರವಾದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಹರಿದದ್ದು, ಮೂಲೆ ಹೋದದ್ದು, ಕಾಗದಕ್ಕೆ ಅಂಟಿಕೊಂಡಿರುವುದು ಲಾಟಿನಲ್ಲಿ ಹೆಚ್ಚುಕಡಿಮೆ ಎಷ್ಟಿದೆ ಎಂದು ಒಂದು ಮಾತು ಬರೆದರೆ ಮುಗಿಯಿತು.

ತುಂಗಾತೀರ ಅವರಿಗೆ ಇನ್ನೊಂದು ಮಾತು. ದೋಷ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಕೇಳಿದಿರಿ. ಗಾಂಧಿ ಸರಣಿಯನ್ನು ಆಲ್ಬಮ್ಮಿನಲ್ಲಿ ತುಂಬಿಸಿಕೊಳ್ಳಬೇಕೆಂದು ಆಸೆಯಿದ್ದರೂ ದೋಷವಿಲ್ಲದ ಪ್ರತಿಯ ಬೆಲೆ ತೆರಲಾಗದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಹಿಂಬದಿಯ ಚುಕ್ಕೆ ತೊಂದರೆಯೇ ಅಲ್ಲ, ಆಲ್ಬಮ್ಮಿನಲ್ಲಿ ಅದು ಕಾಣುವುದೂ ಇಲ್ಲ. ದೋಷಕ್ಕೆ ತಕ್ಕ ಬೆಲೆಯಿದ್ದರೆ ಅದು ಹೆಚ್ಚು ದಿನ ಉಳಿಯುವುದಿಲ್ಲ. ಉಳಿಯುವುದು, ಚುಕ್ಕೆಯನ್ನು ಒಪ್ಪಿಕೊಂಡೂ ಚುಕ್ಕೆಯಿಲ್ಲದ್ದರ ಬೆಲೆ ಕೇಳುವವರ ಸರಕು.

---

ಸಾಕ್ಷಿಪತ್ರ ಉತ್ತರಿಸಿದ್ದಾರೆ:

"ಬೇಡವಾದವರು ವಾಪಸು ಕಳುಹಿಸುತ್ತಾರೆ" ಎಂಬ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕೆನಿಸಿತು. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್ನಿನ ಪ್ರಕಾರ, ವಿವರಣೆಯನ್ನು ನಂಬಿ ಸರಕು ಕೊಂಡಾಗ, ಆ ಸರಕು ವಿವರಣೆಗೆ ಹೊಂದಿಕೆಯಾಗಿರಬೇಕೆಂಬ ಷರತ್ತು ಬರೆಯದಿದ್ದರೂ ಒಪ್ಪಂದದಲ್ಲಿ ಅಡಗಿರುತ್ತದೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ನು ಇನ್ನೂ ಸೂಕ್ಷ್ಮವಾಗಿದೆ. ಸುಮ್ಮನಿರುವುದೊಂದೇ ಸಾಮಾನ್ಯವಾಗಿ ವಂಚನೆಯಲ್ಲ, ಆದರೆ ತಿಳಿದ ಸಂಗತಿಯನ್ನು ಕ್ರಿಯಾಪೂರ್ವಕವಾಗಿ ಮರೆಮಾಚುವುದು ವಂಚನೆ ಎನ್ನುತ್ತದೆ ಅದು. ಚುಕ್ಕೆ ಕಾಣದಂತೆ ಫೋಟೊದ ಬೆಳಕನ್ನು ತಿದ್ದುವುದು ಈ ಎರಡರಲ್ಲಿ ಯಾವುದರ ಹತ್ತಿರ ನಿಲ್ಲುತ್ತದೆ ಎಂದು ನೀವೇ ಯೋಚಿಸಿ. ಸಣ್ಣ ಮೊತ್ತಕ್ಕಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆ ಸಲಹೆ ನಿಂತಿದೆ, ಅಷ್ಟೆ.

ಸ್ಥಿತಿಗಿಂತ ಮೊದಲು ಅಸಲಿತನ. 1948ರ ಗಾಂಧಿ ಸರಣಿಯನ್ನು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯವು ಫೋಟೊಗ್ರೇವರ್ ವಿಧಾನದಲ್ಲಿ ಅಚ್ಚು ಹಾಕಿತು, ಬಿಡುಗಡೆಯಾದದ್ದು ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವದ ದಿನ. ಹಲ್ಲುಗಳ ಅಳತೆ ಹನ್ನೊಂದೂವರೆ, ಅಂದರೆ ಎರಡು ಸೆಂಟಿಮೀಟರ್ ಉದ್ದದಲ್ಲಿ ಅಷ್ಟು ತೂತುಗಳು. ಹತ್ತು ರೂಪಾಯಿಯದಕ್ಕೆ ನಕಲಿಗಳು ಸಾಕಷ್ಟಿವೆ, ಆಫ್‌ಸೆಟ್‌ನಲ್ಲಿ ಅಚ್ಚಾದವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಚುಕ್ಕಿಗಳ ಜೋಡಣೆಯೇ ಬೇರೆಯಾಗಿ ಕಾಣುತ್ತದೆ. ಆದ್ದರಿಂದ ಗಾಂಧೀಜಿಯವರ ಮುಖದ ಭಾಗವನ್ನು ಹತ್ತಿರದಿಂದ ತೆಗೆದ ಒಂದು ಸ್ಪಷ್ಟ ಚಿತ್ರವನ್ನೂ ಸೇರಿಸಿ. ಹಲ್ಲಿನ ಅಳತೆಯನ್ನು ಗೇಜ್ ಇಟ್ಟು ನೋಡಿದ್ದೀರೋ ಇಲ್ಲವೋ ಎಂಬುದನ್ನೂ ಬರೆಯಿರಿ.

ಪುಸ್ತಕದ ಯಾವುದಾದರೂ ಮೂಲೆಯಲ್ಲಿ "ಸರ್ವಿಸ್" ಎಂಬ ಮೇಲಚ್ಚು (ಅಚ್ಚಾದ ಚೀಟಿಯ ಮೇಲೆ ಆಮೇಲೆ ಒತ್ತಿದ ಅಕ್ಷರ) ಇರುವ ಹತ್ತು ರೂಪಾಯಿಯ ಗಾಂಧಿ ಚೀಟಿ ಸಿಕ್ಕರೆ, ಅದನ್ನು ಮಾರಾಟಕ್ಕೆ ಹಾಕಲೇಬೇಡಿ. ಗವರ್ನರ್ ಜನರಲ್ ಅವರ ಬಳಕೆಗೆಂದು ಅಂಥವನ್ನು ನೂರೇ ನೂರು ಅಚ್ಚು ಹಾಕಿದ್ದರು. ಅವುಗಳಲ್ಲಿ ನಾಲ್ಕು ಚೀಟಿಗಳು ಬೇರ್ಪಡದೆ ಒಟ್ಟಿಗೇ ಇದ್ದ ಸಾಲೊಂದು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಸಹಜವಾಗಿಯೇ, ಅಸಲಿ ಚೀಟಿಯ ಮೇಲೆ ನಕಲಿ ಮೇಲಚ್ಚು ಒತ್ತುವವರು ಹುಟ್ಟಿಕೊಂಡರು. ಇಂಥದ್ದನ್ನು ತಜ್ಞರ ಪ್ರಮಾಣಪತ್ರವಿಲ್ಲದೆ "ಅಸಲಿ" ಎಂದು ಕರೆಯುವುದು ಅಪಾಯ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಸಂಸ್ಥೆಗಳು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ, ಶುಲ್ಕವಿದೆ. ಅಗ್ಗದ ಚೀಟಿಗೆ ಆ ವೆಚ್ಚ ಮಾಡಬೇಕಿಲ್ಲ.

ಐದನೆಯ ಜಾರ್ಜ್ ಕಾಲದ ಹೆಚ್ಚಿನ ಬೆಲೆಯ ಚೀಟಿಗಳನ್ನೂ ಜೋಪಾನವಾಗಿ ನೋಡಿ. ಅವು ಅಂಚೆಗೆ ಮಾತ್ರವಲ್ಲ, ಕಂದಾಯದ ಕಾಗದಗಳಿಗೂ ಬಳಕೆಯಾಗುತ್ತಿದ್ದವು. ಹಾಗೆ ಬಳಸಿದವುಗಳ ಮೇಲೆ ಲೇಖನಿಯ ಗೆರೆ ಇಲ್ಲವೇ ಕಚೇರಿಯ ಮುದ್ರೆ ಇರುತ್ತದೆ, ಬೆಲೆಯೂ ಬಹಳ ಕಡಿಮೆ. ಆ ಶಾಯಿಯನ್ನು ತೊಳೆದು ಹೊಸ ಗೋಂದು ಸವರಿ ಬಳಸದ ಚೀಟಿಯೆಂದು ಮಾರುವುದು ಹಳೆಯ ಕಸುಬು. ನೇರಳಾತೀತ ದೀಪದ ಕೆಳಗೆ ಇಟ್ಟರೆ ತೊಳೆದ ಶಾಯಿಯ ನೆರಳು ಹಲವು ಸಲ ಎದ್ದು ಕಾಣುತ್ತದೆ. ಹೊಸ ಗೋಂದನ್ನು ಕಂಡುಹಿಡಿಯಲು ಹಲ್ಲುಗಳ ತುದಿಯನ್ನು ನೋಡಬೇಕು. ಕಾರ್ಖಾನೆಯಲ್ಲಿ ಮೊದಲು ಗೋಂದು ಹಚ್ಚಿ ಆಮೇಲೆ ತೂತು ಕೊರೆಯುತ್ತಿದ್ದುದರಿಂದ, ಚೀಟಿ ಹರಿದಾಗ ಹಲ್ಲಿನ ತುದಿಯ ಕಾಗದದ ಎಳೆಗಳು ಮೃದುವಾಗಿ ಬಿಡಿಬಿಡಿಯಾಗಿರುತ್ತವೆ. ಆಮೇಲೆ ಯಾರೋ ಗೋಂದು ಸವರಿದ್ದರೆ ಅದು ತುದಿಗೂ ಇಳಿದು ಎಳೆಗಳನ್ನು ಗಟ್ಟಿಯಾಗಿ ಅಂಟಿಸಿರುತ್ತದೆ. ನಿಮಗೆ ಇದು ಖಚಿತವಾಗದಿದ್ದರೆ "ಮೂಲ ಗೋಂದು" ಎಂದು ಬರೆಯಬೇಡಿ. "ಗೋಂದು ಇದೆ, ಮೂಲದ್ದೇ ಎಂದು ತಜ್ಞರಿಂದ ಪರೀಕ್ಷಿಸಿಲ್ಲ" ಎಂದು ಬರೆಯಿರಿ.

---

ತುಂಗಾತೀರ ಬರೆದಿದ್ದಾರೆ:

ಎಲ್ಲರಿಗೂ ಧನ್ಯವಾದಗಳು. ಗೇಜ್ ಒಂದನ್ನು ತರಿಸಿಕೊಂಡು ಅಳೆದೆ, ಹಲ್ಲು ಹನ್ನೊಂದೂವರೆಯೇ ಇದೆ. "ಸರ್ವಿಸ್" ಮೇಲಚ್ಚಿನದು ಎಲ್ಲಿಯೂ ಸಿಗಲಿಲ್ಲ, ಸಿಗಬಹುದೆಂದು ಹುಡುಕಿದ್ದು ಮಾತ್ರ ನಿಜ! ಹತ್ತು ರೂಪಾಯಿಯ ಚೀಟಿಗೆ ನಾನು ಬರೆದ ವಿವರಣೆಯನ್ನು ಕೆಳಗೆ ಕೊಡುತ್ತಿದ್ದೇನೆ, ತಿದ್ದಿಕೊಡಬೇಕಾಗಿ ವಿನಂತಿ.

"ಭಾರತ 1948, ಮಹಾತ್ಮ ಗಾಂಧಿ, ಹತ್ತು ರೂಪಾಯಿ. ಮಿಂಟ್. ವಯಸ್ಸಿಗೆ ತಕ್ಕಂತೆ ಅತ್ಯುತ್ತಮ ಸ್ಥಿತಿಯಲ್ಲಿದೆ. ಹಿಂಭಾಗದಲ್ಲಿ ಅತ್ಯಲ್ಪ ಟೋನಿಂಗ್ ಇದೆ. ಅಪರೂಪದ ಚೀಟಿ. ಹಿರಿಯ ಸಂಗ್ರಾಹಕರೊಬ್ಬರ ಸಂಗ್ರಹದಿಂದ."

---

ಹಳೆಮೊಹರು ಉತ್ತರಿಸಿದ್ದಾರೆ:

ನಿಮ್ಮ ಉದ್ದೇಶ ಪ್ರಾಮಾಣಿಕವಾಗಿದೆ, ಮಾತುಗಳು ಮಾತ್ರ ನಿಮ್ಮ ಪರಿಚಿತರ ಅಂಗಡಿಯಿಂದ ಬಂದಂತಿವೆ. "ವಯಸ್ಸಿಗೆ ತಕ್ಕಂತೆ" ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ, ಏಕೆಂದರೆ ಅದೇ ವಯಸ್ಸಿನ ಕಲೆಯಿಲ್ಲದ ಚೀಟಿಗಳೂ ಇವೆ. ಟೋನಿಂಗ್ ಎಂದು ನೀವು ಕರೆದಿರುವುದು ಆ ಕಂದು ಚುಕ್ಕೆಗಳನ್ನೇ, ಅದು "ಅತ್ಯಲ್ಪ" ಎಂಬುದು ನಿಮ್ಮ ಅಳತೆ, ಕೊಳ್ಳುವವರದು ಬೇರೆ ಇರಬಹುದು. ಚುಕ್ಕೆ ಎಲ್ಲಿದೆ, ಎಷ್ಟು ದೊಡ್ಡದಿದೆ, ಮುಂಭಾಗಕ್ಕೆ ಹಾಯ್ದಿದೆಯೇ ಎಂದು ಬರೆದರೆ ವಿಶೇಷಣದ ಅಗತ್ಯವೇ ಬೀಳುವುದಿಲ್ಲ. "ಮಿಂಟ್" ಎಂದು ಬರೆದು ಹಿಂಜ್ ಗುರುತಿನ ಮಾತೆತ್ತದಿರುವುದು ಈ ವಿವರಣೆಯ ದೊಡ್ಡ ಕೊರತೆ. ಮಿಂಟ್ ಎಂದರೆ ಬಳಸದ ಚೀಟಿ, ಆದರೆ ಆ ಬರಿಯ ಮಾತನ್ನು ಕೆಲವರು ಹಿಂಜ್ ತಾಗದ್ದೆಂದೇ ಓದಿಕೊಳ್ಳುತ್ತಾರೆ. "ಅಪರೂಪ" ಎಂಬುದನ್ನು ತೆಗೆಯಿರಿ. ಈ ಚೀಟಿಗೆ ಬೇಡಿಕೆ ಹೆಚ್ಚು, ಆದರೆ ಮಾರುಕಟ್ಟೆಯಲ್ಲಿ ಯಾವಾಗಲೂ ಸಿಗುತ್ತದೆ. ನೀವು ಮೊದಲು ಹೇಳಿದ್ದರ ಆಧಾರದ ಮೇಲೆ ಒಂದು ಮಾದರಿ ಕೊಡುತ್ತೇನೆ, ಅಳತೆಗಳನ್ನು ಮತ್ತು ಜಾಗವನ್ನು ನೀವೇ ನೋಡಿ ತಿದ್ದಿಕೊಳ್ಳಿ.

"ಭಾರತ, 1948, ಮಹಾತ್ಮ ಗಾಂಧಿ, ಹತ್ತು ರೂಪಾಯಿ, ಬಳಸದ್ದು. ಹಿಂಜ್ ಅಂಟಿಸಿ ತೆಗೆದಿರುವ ಗುರುತು ಹಿಂಭಾಗದ ಮೇಲ್ಭಾಗದಲ್ಲಿದೆ. ಗೋಂದಿನ ಮೇಲೆ ಎಡ ಅಂಚಿನ ಉದ್ದಕ್ಕೂ ಒಂದು ಮಿಲಿಮೀಟರಿಗಿಂತ ಚಿಕ್ಕ ಕಂದು ಚುಕ್ಕೆಗಳಿವೆ. ಮುಂಭಾಗದಲ್ಲಿ ಎಡಗಡೆಯ ಎರಡು ಹಲ್ಲುಗಳ ತುದಿ ಮಾತ್ರ ಸ್ವಲ್ಪ ಕಂದಾಗಿದೆ. ಬೆಳಕಿಗೆ ಹಿಡಿದು ನೋಡಿದಾಗ ಕಾಗದ ತೆಳುವಾದ ಜಾಗ ಕಾಣಲಿಲ್ಲ, ಮಡಿಕೆ ಕಾಣಲಿಲ್ಲ. ಹಲ್ಲಿನ ಅಳತೆ ಹನ್ನೊಂದೂವರೆ. ತಜ್ಞರ ಪ್ರಮಾಣಪತ್ರ ಇಲ್ಲ. ಯಾವುದೇ ರಾಸಾಯನಿಕ ಹಚ್ಚಿಲ್ಲ. ಚಿತ್ರಗಳನ್ನು ತಿದ್ದಿಲ್ಲ. ವಿವರಣೆಗೆ ಹೊಂದದಿದ್ದರೆ ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಬಹುದು, ಎರಡೂ ಕಡೆಯ ಅಂಚೆ ವೆಚ್ಚ ನನ್ನದು."

"ಕಾಣಲಿಲ್ಲ" ಎಂಬ ಕ್ರಿಯಾಪದವನ್ನು ಬೇಕೆಂದೇ ಬಳಸಿದ್ದೇನೆ. ನೀವು ನೋಡಿದ್ದನ್ನು ಹೇಳುತ್ತೀರಿ, ನೋಡಲಾಗದ್ದಕ್ಕೆ ಭರವಸೆ ಕೊಡುವುದಿಲ್ಲ. ಹಿಂದಿರುಗಿಸುವ ವೆಚ್ಚ ನಿಮ್ಮದೆಂದು ಬರೆಯುವುದಕ್ಕೂ ಕಾರಣವಿದೆ: ವಿವರಣೆ ಸರಿಯಿದ್ದರೆ ಆ ವೆಚ್ಚ ಬೀಳುವ ಸಂಭವ ಕಡಿಮೆ. ಕಳುಹಿಸುವ ದಿನ ಲಕೋಟೆಗೆ ಹಾಕುವ ಮುನ್ನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಬೇರೆ ಚೀಟಿಯನ್ನು ವಾಪಸು ಕಳುಹಿಸಿ ಹಣ ಕೇಳುವವರೂ ಇದ್ದಾರೆ. ಆಗ ಹಲ್ಲುಗಳ ಆಕಾರವೇ ನಿಮ್ಮ ಸಾಕ್ಷಿಯಾಗುತ್ತದೆ, ಎರಡು ಚೀಟಿಗಳ ಹಲ್ಲುಗಳು ಒಂದೇ ರೀತಿ ಹರಿದಿರುವುದಿಲ್ಲ.

1854ರವುಗಳಿಗೆ ಹಲ್ಲುಗಳೇ ಇಲ್ಲ, ಕತ್ತರಿಯಿಂದ ಬಿಡಿಸಿದವು. ಹಾಗಾಗಿ ಅಲ್ಲಿ ಎಲ್ಲರೂ ನೋಡುವುದು ಸುತ್ತಲಿನ ಅಂಚನ್ನು. ಅರ್ಧ ಆಣೆಯದಕ್ಕೆ ನಾಲ್ಕೂ ಕಡೆ ಅಂಚು ಉಳಿದಿದೆಯೇ, ಯಾವ ಕಡೆ ಕತ್ತರಿ ಚಿತ್ರದೊಳಕ್ಕೆ ಹೋಗಿದೆ ಎಂದು ಬರೆಯಿರಿ. ನಾಲ್ಕು ಆಣೆಯದನ್ನು ಎಂಟು ಮೂಲೆಯಾಗಿ ಕತ್ತರಿಸುವುದು ಆ ಕಾಲದಲ್ಲಿ ರೂಢಿಯಲ್ಲಿತ್ತು, ಚೌಕವಾಗಿ ಉಳಿದದ್ದರ ಬೆಲೆಗೂ ಇದರ ಬೆಲೆಗೂ ಹೋಲಿಕೆಯೇ ಇಲ್ಲ. ಆದ್ದರಿಂದ "ಆಕಾರಕ್ಕೆ ಕತ್ತರಿಸಿದ್ದು" ಎಂಬುದು ಶೀರ್ಷಿಕೆಯಲ್ಲೇ ಇರಲಿ.

---

ಅಂಚೆಮನೆ ಉತ್ತರಿಸಿದ್ದಾರೆ:

ಮೈಸೂರಿನ ಚೀಟಿಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಒಂದು ಮಾತು. ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ತನ್ನದೇ ಅಂಚೆ ವ್ಯವಸ್ಥೆಯಿತ್ತು, 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿಹೋಯಿತು. ಆದರೆ ಹೈದರಾಬಾದ್, ತಿರುವಾಂಕೂರುಗಳಂತೆ ಮೈಸೂರು ತನ್ನದೇ ಅಂಚೆ ಚೀಟಿಗಳನ್ನು ಹೊರತರಲಿಲ್ಲ. ನಿಮ್ಮ ಬಳಿಯಿರುವವು ನ್ಯಾಯಾಲಯ ಶುಲ್ಕದ ಅಥವಾ ಕಂದಾಯದ ಚೀಟಿಗಳಾಗಿರಬೇಕು. ಅವನ್ನು "ಮೈಸೂರು ಅಂಚೆ ಚೀಟಿ" ಎಂದು ಮಾರುವವರು ಬಹಳ ಮಂದಿ, ಗೊತ್ತಿಲ್ಲದೆ ಮಾರುವವರೂ ಇದ್ದಾರೆ, ಗೊತ್ತಿದ್ದು ಮಾರುವವರೂ ಇದ್ದಾರೆ. ನೀವು ಕಂದಾಯ ಚೀಟಿಗಳ ವಿಭಾಗದಲ್ಲೇ ಹಾಕಿ, ಅವನ್ನೇ ಹುಡುಕಿಕೊಂಡು ಬರುವ ಸಂಗ್ರಾಹಕರು ಬೇರೆಯೇ ಇದ್ದಾರೆ. ಚೀಟಿ ಇನ್ನೂ ಹಳೆಯ ಪತ್ರಕ್ಕೆ ಅಂಟಿಕೊಂಡೇ ಇದ್ದರೆ ಬಿಡಿಸಬೇಡಿ, ಇಡೀ ಪತ್ರದ ಫೋಟೊ ಹಾಕಿ. ಆದರೆ ಪತ್ರದಲ್ಲಿರುವ ಆಸ್ತಿಯ ವಿವರ ಮತ್ತು ಹೆಸರುಗಳು ಈಗಲೂ ಊರಿನಲ್ಲಿರುವ ಮನೆತನಗಳದ್ದಾದರೆ, ಫೋಟೊದಲ್ಲಿ ಅಷ್ಟು ಭಾಗವನ್ನು ಕಾಗದದ ತುಂಡಿನಿಂದ ಮುಚ್ಚಿ, ಮುಚ್ಚಿದ್ದೇನೆಂದು ವಿವರಣೆಯಲ್ಲಿ ಬರೆಯಿರಿ.